ಔಷಧಿ ಇಲ್ಲದ ಹಾಳೆ

ಬೆಳಿಗ್ಗೆ ಆರಕ್ಕೆ ಗೇಟಿಗೆ ಸಿಕ್ಕಿಸಿದ ಚೀಲದೊಳಗೆ ಹಾಲಿನ ಪ್ಯಾಕೆಟ್ಟುಗಳು ಬಿದ್ದ ಸದ್ದಾದರೆ ನಮ್ಮ ಮನೆಯ ದಿನ ಶುರು. ಆ ಗುರುವಾರವೂ ಹಾಗೇ ಶುರುವಾಯಿತು. ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಎಳೆದು, ಒಳಗೆ ಬಂದು ಫಿಲ್ಟರಿಗೆ ಬಿಸಿನೀರು ಹುಯ್ದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಇಡ್ಲಿ ಹಿಟ್ಟು ಉಬ್ಬಿದೆಯೋ ಇಲ್ಲವೋ ನೋಡುವುದು, ಇಡ್ಲಿ ತಟ್ಟೆಗೆ ಎಣ್ಣೆ ಸವರುವುದು, ನಮ್ಮ ಯಜಮಾನರ ಊಟದ ಡಬ್ಬಿಯ ಮುಚ್ಚಳ ಹುಡುಕುವುದು. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಎಲ್ಲ ಮನೆಯಲ್ಲೂ ಇದೇ ಕೆಲಸ, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ನಮ್ಮ ಮನೆಯಲ್ಲಿ ಮಾತ್ರ ಒಂದು ಕೆಲಸ ಹೆಚ್ಚಿಗೆ ಇತ್ತು: ಫ್ರೀಜರಿನ ಬಾಗಿಲು ತೆಗೆಯದೇ ಇರುವುದು.

ಆ ಬಾಗಿಲ ಮೇಲೆ ನನ್ನ ಮಗಳು ಒಂದು ಚೀಟಿ ಅಂಟಿಸಿದ್ದಳು. ‘ಯಾರೂ ತೆಗೆಯಬಾರದು. ಐಸ್ ಬೇಕಾದರೆ ಎದುರು ಮನೆ.’

ಹಿತ್ತಲಲ್ಲಿ ನಮ್ಮತ್ತೆ ಸ್ನಾನ ಮುಗಿಸಿ ಮಡಿಸೀರೆ ಉಟ್ಟು, ಹುಣಸೆಹಣ್ಣು ಉಪ್ಪು ಹಾಕಿಕೊಂಡು ತಮ್ಮ ತಾಮ್ರದ ಬೋಗುಣಿ ತಿಕ್ಕುತ್ತಿದ್ದರು. ಅವರ ಮದುವೆಯಲ್ಲಿ ತವರಿನಿಂದ ಬಂದ ಅಗಲ ಬಾಯಿಯ ಬೋಗುಣಿ ಅದು. ದಿನವೂ ತಿಕ್ಕಿ, ನೀರು ತುಂಬಿ, ಬಿಳೀ ಪಂಚೆಯ ತುಂಡು ಮುಚ್ಚಿ ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟರೆ ಮುಗಿಯಿತು, ಮನೆಯಲ್ಲಿ ಅದಕ್ಕಿಂತ ಶುದ್ಧವಾದ ವಸ್ತು ಇನ್ನೊಂದಿಲ್ಲ. ಆ ನೀರನ್ನು ನಾನು ಮುಟ್ಟಬೇಕಾದರೆ ಸ್ನಾನ ಆಗಿರಬೇಕು. ಮಗಳು ಮುಟ್ಟಬೇಕಾದರೆ ಸ್ನಾನವೂ ಆಗಿರಬೇಕು, ಕಾಲೇಜಿಗೂ ಇನ್ನೂ ಹೋಗಿರಬಾರದು. ಯಜಮಾನರಂತೂ ಮುಟ್ಟುವ ಹಾಗೇ ಇಲ್ಲ, ಅವರು ಹಲ್ಲುಜ್ಜುವ ಮೊದಲೇ ಪೇಪರ್ ಮುಟ್ಟುತ್ತಾರೆ.

“ಅಮ್ಮಾ, ನಾನು ಹೊರಟೆ. ಇವತ್ತು ಲ್ಯಾಬಲ್ಲಿ ಪ್ಲೇಟ್ ತೆಗೀಬೇಕು” ಎನ್ನುತ್ತಾ ಮಗಳು ಅಡುಗೆಮನೆಗೆ ಬಂದಳು. ತಲೆಗೆ ಎಣ್ಣೆ ಹಾಕಿರಲಿಲ್ಲ, ಕುರ್ತಾದ ಒಂದು ಗುಂಡಿ ಕಿತ್ತುಹೋಗಿತ್ತು. ಅವಳಿಗೆ ಒಂದು ಇಡ್ಲಿಯಾದರೂ ತಿನ್ನಿಸಿ ಕಳಿಸಬೇಕೆಂದು ಆತುರದಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದೆ. ಒಳಗಿನ ಆವಿ ನೇರವಾಗಿ ನನ್ನ ಮಣಿಕಟ್ಟಿಗೆ ಹೊಡೆಯಿತು.

ಆಮೇಲೆ ಎರಡು ನಿಮಿಷ ಮನೆಯಲ್ಲಿ ವೈದ್ಯರ ಸಮ್ಮೇಳನ.

“ಇಡ್ಲಿ ಹಿಟ್ಟು ಹಚ್ಕೊಳ್ಳೇ, ತಣ್ಣಗಿರತ್ತೆ” ಅಂದರು ಅತ್ತೆ, ಹಿತ್ತಲಿಂದಲೇ.

“ಟೂತ್‌ಪೇಸ್ಟ್ ಹಚ್ಚು, ಉರಿ ಎಳ್ಕೊಳ್ಳುತ್ತೆ” ಅಂದರು ಯಜಮಾನರು, ಪೇಪರ್ ಇಳಿಸದೆ.

“ಏನೂ ಹಚ್ಚಬೇಡ! ನಲ್ಲಿ ಕೆಳಗೆ ಹಿಡಿ. ಇಪ್ಪತ್ತು ನಿಮಿಷ, ತೆಗೀಬೇಡ” ಅಂದಳು ಮಗಳು.

“ಇಪ್ಪತ್ತು ನಿಮಿಷ ನಲ್ಲಿ ಬಿಟ್ರೆ ಟ್ಯಾಂಕ್ ಖಾಲಿ ಆಗತ್ತೆ ಕಣೇ. ನಿನ್ನ ಹಾಳೆ ಒಂದು ಇದ್ರೆ ಹಾಕ್ಬಿಡು, ಸರಿಹೋಗತ್ತೆ” ಅಂದೆ.

“ಅದೆಲ್ಲಾ ಹಂಗೆ ಹಾಕೋಕಾಗಲ್ಲಮ್ಮ. ಮನುಷ್ಯರ ಮೇಲೆ ಹಾಕ್ಬೇಕು ಅಂದ್ರೆ ಮೊದಲು ಎಥಿಕ್ಸ್ ಕಮಿಟಿ ಒಪ್ಪಬೇಕು.”

“ನಾನು ನಿಮ್ಮಮ್ಮ.”

“ಅಮ್ಮಂದಿರೂ ಮನುಷ್ಯರೇ” ಎಂದು ಒಂದು ಇಡ್ಲಿ ಬಾಯಿಗೆ ತುರುಕಿಕೊಂಡು ಸ್ಕೂಟರ್ ಕೀ ಹುಡುಕುತ್ತಾ ಹೋದಳು.

ನನ್ನ ಮಗಳು ಫಾರ್ಮಸಿ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಅವಳು ಮಾಡುವುದು ಸುಟ್ಟ ಗಾಯದ ಮೇಲೆ ಹಾಕುವ ಹಾಳೆ. ಅಂಗೈಯಗಲ, ನೋಡಲು ಎಳನೀರಿನ ಗಂಜಿಯ ಹಾಗೆ, ಮುಟ್ಟಿದರೆ ತಣ್ಣಗೆ, ಜಾರುವಂತೆ. ಮುಕ್ಕಾಲು ಪಾಲು ಬರೀ ನೀರೇ. ಹೈಡ್ರೋಜೆಲ್ ಅನ್ನುತ್ತಾರೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಬೆಳ್ಳಿಯ ಕಣ ಸೇರಿಸಿರುತ್ತಾಳೆ. ಗಾಯಕ್ಕೆ ಕೀವು ತುಂಬಿಸುವ ರೋಗಾಣುಗಳನ್ನು ಆ ಬೆಳ್ಳಿ ಕೊಲ್ಲುತ್ತದಂತೆ. ಇದನ್ನೇ ಯಾಕೆ ಹಿಡಿದೆ, ಕೆಮ್ಮಿಗೋ ಮೈಗ್ರೇನಿಗೋ ಏನಾದರೂ ಕಂಡುಹಿಡಿಯಬಾರದಿತ್ತೇ, ನಮಗೂ ಉಪಯೋಗವಾಗುತ್ತಿತ್ತು ಎಂದು ಒಮ್ಮೆ ಕೇಳಿದ್ದೆ. ಆಗ ಅವಳು ಹೇಳಿದ್ದು ಇಷ್ಟು. ಓದುವಾಗ ಅವರನ್ನು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಕರೆದುಕೊಂಡು ಹೋಗಿದ್ದರಂತೆ. ಮಲಗಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಬೆಳಿಗ್ಗೆ ಗಾಯದ ಬಟ್ಟೆ ಬದಲಾಯಿಸುವ ಹೊತ್ತು. ಹಳೇ ಬ್ಯಾಂಡೇಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತದೆ, ಎಳೆದರೆ ಹೊಸದಾಗಿ ಬಂದ ಚರ್ಮವೂ ಜೊತೆಗೇ ಬರುತ್ತದೆ. ನರ್ಸ್ ಟ್ರಾಲಿ ತಳ್ಳಿಕೊಂಡು ಬರುವ ಸದ್ದಿಗೇ ಒಬ್ಬ ಹೆಂಗಸು ಹಲ್ಲು ಕಚ್ಚಿಕೊಂಡು, “ಸುಟ್ಟಿದ್ದು ಒಂದ್ಸಲ, ಇದು ದಿನಾ” ಅಂದಳಂತೆ. ಈ ಹಾಳೆ ಅಂಟುವುದಿಲ್ಲ, ಎತ್ತಿದರೆ ಬಂದುಬಿಡುತ್ತದೆ.

ಅವತ್ತಿನಿಂದ ನಾನು ಆ ಪ್ರಶ್ನೆ ಕೇಳಿಲ್ಲ.

ಹಾಳೆ ಮಾಡುವ ವಿಧಾನ ಕೇಳಿದರೆ ಯಾವ ಗೃಹಿಣಿಯೂ ನಗುತ್ತಾಳೆ. ಅಂಟಿನ ಜಾತಿಯ ಒಂದು ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಗಂಜಿ ಮಾಡುವುದು, ಇನ್ನೊಂದು ಪುಡಿ ಬೆರೆಸುವುದು, ಗಾಜಿನ ತಟ್ಟೆಗೆ ಹುಯ್ದು ಎಂಟು ಗಂಟೆ ಫ್ರೀಜರಿನಲ್ಲಿಡುವುದು, ತೆಗೆದು ನಾಲ್ಕು ಗಂಟೆ ಹೊರಗಿಡುವುದು, ಮತ್ತೆ ಒಳಗೆ, ಮತ್ತೆ ಹೊರಗೆ. ಮೂರು ಸಲ ಹೀಗೆ ಮಾಡಿದರೆ ಗಂಜಿ ಗಟ್ಟಿಯಾಗಿ ಹಾಳೆಯಾಗುತ್ತದೆ. ಹೆಪ್ಪು ಹಾಕದೆ ಮೊಸರು ಮಾಡಿದ ಹಾಗೆ. ಇದನ್ನು ಕಾಲೇಜಿನಲ್ಲೇ ಮಾಡಬೇಕು. ಆದರೆ ಅಲ್ಲಿನ ದೊಡ್ಡ ಫ್ರೀಜರ್ ಕೆಟ್ಟು, ರಿಪೇರಿಯ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಅರ್ಜಿ ಎಲ್ಲಿದೆ ಎಂದು ಕೇಳಲು ಇನ್ನೊಂದು ಅರ್ಜಿ ಕೊಟ್ಟಿದ್ದರು. ಕೊನೆಗೆ ಅವಳ ಗೈಡ್ ಮೇಡಂ, “ಮನೆ ಫ್ರೀಜರ್ ಆದ್ರೂ ಆಗುತ್ತೆ, ಯಾರೂ ತೆಗೆದು ಹಾಕಿ ಮಾಡಬಾರದು ಅಷ್ಟೆ” ಎಂದರಂತೆ.

ಯಾರೂ ತೆಗೆದು ಹಾಕಿ ಮಾಡಬಾರದು ಎಂದರೆ ನಾನು ಮಾತ್ರ ತೆಗೆದು ಹಾಕಿ ಮಾಡಬೇಕು ಎಂದು ಅರ್ಥ. ನನ್ನ ಫ್ರೀಜರಿನಲ್ಲಿ ಆಗ ಸುಗ್ಗಿಯ ಹಿದುಕಿದ ಅವರೆಬೇಳೆ ನಾಲ್ಕು ಡಬ್ಬಿ ಇತ್ತು. ಬೆರಳ ತುದಿ ಸುಕ್ಕಾಗುವ ತನಕ ಕೂತು ಹಿದುಕಿದ ಬೇಳೆ. ಅದನ್ನು ಎದುರು ಮನೆಯವರ ಫ್ರೀಜರಿಗೆ ವಲಸೆ ಕಳಿಸಿ, ವಿಜ್ಞಾನಕ್ಕೆ ಜಾಗ ಮಾಡಿಕೊಟ್ಟೆ.

ಎದುರು ಮನೆಯವರು ಕೆಸರೆಯಿಂದ ನಮ್ಮ ಬೀದಿಗೆ ಬಂದು ಆರೇಳು ವರ್ಷವಾಯಿತು. ಅವರ ಯಜಮಾನರದು ಟೈಲ್ಸ್ ಅಂಗಡಿ. ಊರಿನ ಹೊಲದ ಮೊದಲ ಅವರೆಕಾಯಿ ನಮ್ಮ ಮನೆಗೇ ಬರುತ್ತದೆ. ಮಾತು ಜೋರು, ಮನಸ್ಸು ದೊಡ್ಡದು, ಫ್ರೀಜರ್ ಇನ್ನೂ ದೊಡ್ಡದು. ಡಬ್ಬಿಗಳನ್ನು ತೆಗೆದುಕೊಳ್ಳುತ್ತಾ, “ಏನ್ರೀ ಕಾನ್ವೆಂಟಮ್ಮಾರೇ, ಬೇಳೆ ಆಚೆಗಾಕಿ ಔಸ್ದಿ ಮಡೀಕತೀರಾ? ನಾಳೆ ಸಾರಿಗೇನ್ ಹಾಕೀರಿ, ಔಸ್ದಿನಾ?” ಎಂದು ನಕ್ಕಿದ್ದರು. ನಾನು ಹುಡುಗಿಯಾಗಿದ್ದಾಗ ಕಾನ್ವೆಂಟಿನಲ್ಲಿ ಓದಿದವಳು ಎಂದು ಯಾವತ್ತೋ ಹೇಳಿದ್ದು ನನ್ನದೇ ತಪ್ಪು. ಅವತ್ತಿನಿಂದ ಹೆಸರು ಹೋಗಿ ಅದೇ ಉಳಿದಿದೆ.

ಕಾನ್ವೆಂಟಿನಲ್ಲಿ ಕಲಿತದ್ದು ನನಗೆ ಮನೆಯಲ್ಲಿ ಎರಡೇ ಕಡೆ ಉಪಯೋಗಕ್ಕೆ ಬಂದಿದೆ. ಒಂದು, ಡಬ್ಬಿಗಳ ಮೇಲೆ ಚೀಟಿ ಬರೆಯುವುದು. ಸಿಸ್ಟರುಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಆ ದುಂಡು ಇಂಗ್ಲಿಷಿನಲ್ಲಿ ಮಗಳ ಎರಡು ತಟ್ಟೆಗಳಿಗೂ ನಾನೇ ಚೀಟಿ ಬರೆದಿದ್ದೆ: ಒಂದಕ್ಕೆ ‘ಸಿಲ್ವರ್’, ಇನ್ನೊಂದಕ್ಕೆ ‘ಪ್ಲೇನ್’. ಪ್ಲೇನ್ ಎಂದರೆ ಬೆಳ್ಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುವ ಹಾಳೆ. ಎರಡನೆಯ ಉಪಯೋಗ, ಯಾರಿಗೂ ‘ಇಲ್ಲ’ ಅನ್ನದೇ ಇರುವುದು. ಇದರಿಂದಲೇ ಮುಂದಿನದೆಲ್ಲ ಆಯಿತು.

ಆ ಗುರುವಾರಕ್ಕೆ ಮೂರು ದಿನ ಮೊದಲು, ಸೋಮವಾರ, ಮಗಳಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೊಠಡಿ ಕಾಯುವ ಡ್ಯೂಟಿ ಹಾಕಿದ್ದರು. ಅತ್ತೆ ಅಗ್ರಹಾರದಲ್ಲಿರುವ ತಮ್ಮ ಮಗಳ ಮನೆಗೆ ಎರಡು ದಿನಕ್ಕೆ ಹೋಗಿದ್ದರು. ಹಾಳೆಗಳು ಗಟ್ಟಿಯಾಗಿದ್ದವು. ಇನ್ನು ತೊಳೆಯುವುದೊಂದೇ ಬಾಕಿ. ತೊಳೆಯಲು ಡಿಸ್ಟಿಲ್ಡ್ ವಾಟರ್ ಇಷ್ಟು ದೊಡ್ಡ ಕ್ಯಾನಿನಲ್ಲಿ ತಂದಿಟ್ಟು, “ಎರಡು ತಟ್ಟೆಗೂ ಮೂರು ಸಲ ನೀರು ಬದಲಾಯಿಸು. ಕೊನೇ ಸಲ ಹುಯ್ದಿದ್ದು ಬೆಳಗಿನ ತನಕ ಹಂಗೇ ಇರಲಿ” ಎಂದು ಹೇಳಿ ಹೋಗಿದ್ದಳು.

ಹನ್ನೊಂದು ಗಂಟೆಗೆ ಎದುರು ಮನೆಯವರು ಓಡಿ ಬಂದರು. ಅವರ ಇನ್ವರ್ಟರ್ ಕೂಗುತ್ತಿತ್ತು, ನಮ್ಮ ಹಾಲಿಗೇ ಕೇಳುತ್ತಿತ್ತು.

“ನೀರ್ ಕಮ್ಮಿ ಆಗದಂತೆ ಬ್ಯಾಟ್ರೀಲಿ. ನಮ್ಮೋರು ಅಂಗ್ಡಿಗೋದ್ರು. ನಿಮ್ಮನೇಲಿ ಅದೇನೋ ಡಿಸ್ಟಿಲ್ ವಾಟ್ರು ಐತಲ್ಲಾ, ವಸಿ ಕೊಡಿ. ನಾಳೆನೇ ತಂದ್ಕೊಟ್ಬುಡ್ತೀನಿ.”

ನನ್ನ ನಾಲ್ಕು ಡಬ್ಬಿ ಅವರೆಬೇಳೆ ಅವರ ಮನೆಯಲ್ಲಿ ತಂಪಾಗಿ ಕೂತಿದೆ. ಹೇಗೆ ಇಲ್ಲ ಅನ್ನಲಿ? ಒಂದು ಪಾತ್ರೆಗೆ ಬಗ್ಗಿಸಿ ಕೊಟ್ಟೆ. ‘ವಸಿ’ ಎಂದವರ ಬ್ಯಾಟರಿಗೆ ಅರ್ಧ ಕ್ಯಾನ್ ಹಿಡಿಯಿತು.

ಮೂರು ಗಂಟೆಗೆ ಕೊನೆಯ ನೀರು ಬದಲಾಯಿಸಬೇಕು. ಕ್ಯಾನಿನಲ್ಲಿ ಉಳಿದಿದ್ದು ಒಂದೇ ತಟ್ಟೆಗಾಗುವಷ್ಟು. ಇದೇನು ದೊಡ್ಡ ಸಮಸ್ಯೆ ಎಂದು ನನಗೆ ಅನ್ನಿಸಲೇ ಇಲ್ಲ. ಮನೆಯಲ್ಲಿ ಹಾಲು ಒಂದೇ ಲೋಟವಿದ್ದರೆ ಅದು ಯಾರಿಗೆ ಹೋಗಬೇಕು, ಯಾರಿಗೆ ನೀರು ಬೆರೆಸಿದರೂ ನಡೆಯುತ್ತದೆ ಎಂದು ನಾವು ದಿನವೂ ತೀರ್ಮಾನ ಮಾಡುವವರೇ. ಬೆಳ್ಳಿ ಇರುವ ಹಾಳೆಗೆ ಒಳ್ಳೆಯ ನೀರು ಹುಯ್ದೆ. ಇನ್ನೊಂದರಲ್ಲಿ ಹೇಗೂ ಔಷಧಿಯೇ ಇಲ್ಲ. ಪಾಪ, ಅದಕ್ಕೆ ಯಾವ ನೀರಾದರೇನು? ಹಾಗೆಂದು ನಲ್ಲಿ ನೀರು ಹಾಕಲು ಮನಸ್ಸು ಬರಲಿಲ್ಲ, ನಾನು ಅಷ್ಟು ಬೇಜವಾಬ್ದಾರಿಯವಳಲ್ಲ. ಮನೆಯಲ್ಲಿರುವುದರಲ್ಲೇ ಅತ್ಯಂತ ಶುದ್ಧವಾದ ನೀರು ಯಾವುದು ಎಂದು ಯೋಚಿಸಿದೆ. ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಗೂಡಿನಿಂದ ಅತ್ತೆಯ ಬೋಗುಣಿ ಇಳಿಸಿದೆ. ಬಿಳೀ ಬಟ್ಟೆ ತೆಗೆದೆ. ಹೊರಡುವ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿ ತುಂಬಿಸಿ ಹೋಗಿದ್ದರು, ಬೋಗುಣಿಯ ಅಂಚು ಹೊಸ ಕಾಸಿನ ಹಾಗೆ ಹೊಳೆಯುತ್ತಿತ್ತು. ತಟ್ಟೆಗೆ ಬಗ್ಗಿಸಿದರೆ ನೆಲಕ್ಕೆ ಚೆಲ್ಲುತ್ತದೆ ಎಂದು ಆ ಹಾಳೆಗಳನ್ನೇ ಒಂದೊಂದಾಗಿ ಬೋಗುಣಿಯೊಳಕ್ಕೆ ಬಿಟ್ಟೆ. ಮಂಗಳವಾರ ಬೆಳಿಗ್ಗೆ ತೆಗೆದಾಗ ಅವುಗಳ ಅಂಚಿನಲ್ಲಿ ಚೂರೇ ಚೂರು ಹಸಿರು ಕಂಡಂತಾಯಿತು. ಕಿಟಕಿಯ ಬಣ್ಣದ ಗಾಜಿನ ಬೆಳಕಿರಬೇಕು ಅಂದುಕೊಂಡೆ. ಅಂದುಕೊಂಡೆ ಎಂದರೆ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಬೋಗುಣಿಯನ್ನು ಎರಡು ಸಲ ತೊಳೆದು, ಹೊಸ ನೀರು ತುಂಬಿ, ಬಟ್ಟೆಯ ಮಡಿಕೆ ಮೊದಲಿನಂತೆಯೇ ಮಾಡಿ ಗೂಡಿನಲ್ಲಿಟ್ಟೆ. ಮಗಳು ಹಾಳೆಗಳನ್ನು ಆತುರದಲ್ಲಿ ಡಬ್ಬಿಗೆ ಹಾಕಿಕೊಂಡು ಹೋದಳು; ಫ್ರೀಜರಿನ ಚೀಟಿ ಮಾತ್ರ ಮುಂದಿನ ಬ್ಯಾಚಿಗೆಂದು ಹಾಗೇ ಉಳಿಯಿತು. ಮಧ್ಯಾಹ್ನ ಅತ್ತೆ ಬಂದರು, ನೀರು ಕುಡಿದರು, ಅಗ್ರಹಾರದ ನೀರಿಗಿಂತ ನಮ್ಮನೆ ನೀರೇ ರುಚಿ ಅಂದರು.

ಇಲ್ಲಿ ಇನ್ನೂ ಒಂದು ಮಾತು ಹೇಳಿಬಿಡಬೇಕು. ಹಾಳೆಗೆ ಬೆರೆಸುವ ಆ ‘ಇನ್ನೊಂದು ಪುಡಿ’ ಮಾಡುವುದು ಸಿಗಡಿಯ ಚಿಪ್ಪಿನಿಂದ. ಈರುಳ್ಳಿಯನ್ನೂ ವಾರಕ್ಕೆ ನಾಲ್ಕೇ ದಿನ ಒಳಗೆ ಬಿಡುವ ಮನೆ ನಮ್ಮದು. ಈ ವಿಷಯ ನನಗೂ ಮಗಳಿಗೂ ಮಾತ್ರ ಗೊತ್ತಿತ್ತು.

ಹೀಗೆ ಗುರುವಾರ ಬಂತು. ಬುಧವಾರ ಅವಳು ಲ್ಯಾಬಿನಲ್ಲಿ ಮುಚ್ಚಳವಿರುವ ಪುಟ್ಟ ತಟ್ಟೆಗಳಲ್ಲಿ ರೋಗಾಣು ಹರಡಿ, ಹಾಳೆಗಳಿಂದ ಕತ್ತರಿಸಿದ ಗುಂಡು ಬಿಲ್ಲೆಗಳನ್ನು ಅದರ ಮೇಲಿಟ್ಟು ಬೆಚ್ಚಗೆ ಇಟ್ಟಿದ್ದಳು. ಬೆಳ್ಳಿ ಇರುವ ಬಿಲ್ಲೆಯ ಸುತ್ತ ರೋಗಾಣು ಸತ್ತು, ಬಳೆಯಾಕಾರದ ಖಾಲಿ ಜಾಗ ಕಾಣಬೇಕು. ಬೆಳ್ಳಿ ಇಲ್ಲದ ಬಿಲ್ಲೆಯ ಸುತ್ತ ರೋಗಾಣು ಒತ್ತಿಕೊಂಡು ಬೆಳೆದಿರಬೇಕು. ಶನಿವಾರ ಅವಳ ಮೂರು ವರ್ಷದ ಕೆಲಸವನ್ನು ಪಿಎಚ್‌ಡಿ ಕಮಿಟಿಯವರು ನೋಡುವವರಿದ್ದರು.

ಮಧ್ಯಾಹ್ನ ಒಂದೂವರೆಗೆ ಸ್ಕೂಟರ್ ಸದ್ದಾಯಿತು. ಆ ಹೊತ್ತಿಗೆ ಅವಳು ಬರುವವಳೇ ಅಲ್ಲ. ಚಪ್ಪಲಿ ಒಂದು ಅಲ್ಲಿ ಒಂದು ಇಲ್ಲಿ ಬಿಟ್ಟು ಒಳಗೆ ಬಂದು ನನ್ನನ್ನು ಹಿಂದಿನಿಂದ ತಬ್ಬಿಕೊಂಡಳು. ಕಾಲೇಜು ಸೇರಿದ ಮೇಲೆ ಹಾಗೆ ಮಾಡಿದ್ದು ಅದೇ ಮೊದಲು.

“ಅಮ್ಮಾ! ಪ್ಲೇನ್ ಕೂಡ ಕೊಂದಿದೆ!”

“ಏನು?”

“ಔಷಧಿ ಇಲ್ದೇ ಇರೋ ಹಾಳೆನೂ ಕೊಂದಿದೆ ಕಣಮ್ಮ. ನೋಡಿಲ್ಲಿ.” ಫೋನಿನಲ್ಲಿ ಚಿತ್ರ ತೋರಿಸಿದಳು. ಮಬ್ಬು ಹಳದಿ ತಟ್ಟೆಯ ಮೇಲೆ ಎರಡು ಬಿಲ್ಲೆ. ಎರಡರ ಸುತ್ತಲೂ ಬಳೆ. ಒಂದು ದೊಡ್ಡವರ ಕೈಯದು, ಇನ್ನೊಂದು ಮಗುವಿನ ಕೈಯದು. “ಹಳೇ ಬ್ಯಾಚಿನಲ್ಲಿ ಒಂದ್ಸಲಾನೂ ಹಿಂಗಾಗಿರಲಿಲ್ಲ. ಮೇಡಂ ನೋಡಿ ಕುರ್ಚಿಯಿಂದ ಎದ್ದುಬಿಟ್ರು. ಬೆಳ್ಳಿನೇ ಬೇಡ, ಬರೀ ಹಾಳೆನೇ ಸಾಕು ಅನ್ನೋ ಹಾಗಿದ್ರೆ ಎಷ್ಟು ಅಗ್ಗ ಆಗತ್ತೆ ಗೊತ್ತಾ? ನಿಧಾನವಾಗಿ ಮನೆ ಫ್ರೀಜರಲ್ಲಿ ಗಟ್ಟಿಯಾಗಿದ್ದಕ್ಕೇ ಹಿಂಗಾಗಿರಬಹುದು, ಶನಿವಾರ ಇದನ್ನೇ ಮೊದಲು ತೋರ್ಸು, ಪೇಟೆಂಟಿಗೂ ಬರೆಯೋಣ ಅಂದ್ರು!”

ಅತ್ತೆಗೆ ಏನೂ ಅರ್ಥವಾಗದಿದ್ದರೂ ಮೊಮ್ಮಗಳ ಮುಖ ನೋಡಿ ಅರ್ಥವಾಯಿತು. “ಸಜ್ಜಿಗೆ ಮಾಡ್ತೀನಿ ಇರು” ಎಂದು ರವೆ ಡಬ್ಬಿ ಇಳಿಸಿದರು. ನಾನು, “ಒಳ್ಳೇದಾಯ್ತು ಪುಟ್ಟಿ” ಅಂದೆ. ಹೇಳುವಾಗಲೇ ಮಣಿಕಟ್ಟಿನ ಉರಿ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಕಣ್ಣು ತಾನಾಗಿಯೇ ಗೂಡಿನ ಕಡೆ ಹೋಯಿತು. ಬೋಗುಣಿ ಏನೂ ಅರಿಯದ ಹಾಗೆ ಬಿಳೀ ಬಟ್ಟೆ ಹೊದ್ದು ಕೂತಿತ್ತು.

ಊಟಕ್ಕೆ ಬಡಿಸಿದೆ. ಅವಳು ಮಾತಾಡುತ್ತಲೇ ಎರಡು ಸಲ ಅನ್ನ ಹಾಕಿಸಿಕೊಂಡಳು, ವಾರದಿಂದ ಸರಿಯಾಗಿ ಉಂಡಿರಲಿಲ್ಲ. ತಾಮ್ರಕ್ಕೂ ಈ ಬಳೆಗೂ ಸಂಬಂಧ ಇದ್ದೇ ಇದೆ ಎಂದು ನನಗೇನೂ ಗೊತ್ತಿರಲಿಲ್ಲ. ನಾನು ಓದಿದ ರಸಾಯನಶಾಸ್ತ್ರದಲ್ಲಿ ನೆನಪಿರುವುದು ಲಿಟ್ಮಸ್ ಕಾಗದ ಮಾತ್ರ. ಆದರೆ ಒಂದು ಲೆಕ್ಕ ಯಾರಾದರೂ ಹಾಕಬಹುದು. ಹಿಂದಿನ ಯಾವ ಬ್ಯಾಚಿನಲ್ಲೂ ಹೀಗಾಗಿರಲಿಲ್ಲ. ಈ ಬ್ಯಾಚಿನಲ್ಲಿ ಹೊಸದು ಎಂದರೆ ಫ್ರೀಜರ್ ಒಂದೇ ಅಲ್ಲ.

ಹೇಳದಿದ್ದರೆ? ಶನಿವಾರ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಯಾರೋ ಇನ್ನೊಂದು ಊರಿನಲ್ಲಿ, ಸರಿಯಾದ ನೀರಿನಲ್ಲಿ, ಇದನ್ನೇ ಮಾಡಿ ನೋಡುತ್ತಾರೆ. ಬಳೆ ಕಾಣುವುದಿಲ್ಲ. ಹುಡುಗಿ ಸುಳ್ಳು ಬರೆದಳು ಎನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಯಾರೂ ಮತ್ತೆ ಮಾಡಿ ನೋಡದೇ ಇರುವುದು. ಆಗ ಆ ವಾರ್ಡಿನಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ ಯಾವಳೋ ಒಬ್ಬಳ ಮೈಮೇಲೆ ಔಷಧಿಯೇ ಇಲ್ಲದ ಹಾಳೆ ಬೀಳುತ್ತದೆ, ಕೆಳಗೆ ಕೀವು ತುಂಬುತ್ತದೆ. ಎಲ್ಲಾ ನಾನು ನೆಲಕ್ಕೆ ನೀರು ಚೆಲ್ಲಬಾರದು ಎಂದು ಹುಷಾರಾಗಿದ್ದರಿಂದ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶುಕ್ರವಾರ ಸಾಲಾಗಿ ಕನ್ಫೆಷನ್‌ಗೆ ಹೋಗುತ್ತಿದ್ದರು. ಹೋಗುವಾಗ ಗಂಭೀರ, ಬರುವಾಗ ಕುಣಿದಾಟ. ನಾವು ಉಳಿದವರು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕೂತು ಅವರನ್ನು ಕಿಟಕಿಯಿಂದ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆವು. ನಮಗೂ ತಪ್ಪುಗಳಿದ್ದವು, ಇಳಿಸುವ ಜಾಗ ಮಾತ್ರ ಇರಲಿಲ್ಲ. ಅಲ್ಲಿ ಪಾದ್ರಿಗೂ ತಪ್ಪು ಹೇಳುವವರಿಗೂ ಮಧ್ಯೆ ಒಂದು ಜಾಲರಿ ಇರುತ್ತದಂತೆ, ಮುಖ ಕಾಣುವುದಿಲ್ಲವಂತೆ. ನನ್ನ ಅಡುಗೆಮನೆಯಲ್ಲಿ ಅಂಥದ್ದು ಹಿಟ್ಟಿನ ಜರಡಿ ಒಂದೇ.

ನಾಲ್ಕು ಗಂಟೆಗೆ ಕಾಫಿ ಕೊಟ್ಟು ಎದುರಿಗೆ ಕೂತೆ. ಅವಳು ಲ್ಯಾಪ್‌ಟಾಪಿನಲ್ಲಿ ಶನಿವಾರಕ್ಕೆ ಚಿತ್ರಗಳನ್ನು ಜೋಡಿಸುತ್ತಿದ್ದಳು.

“ಒಂದು ವಿಷಯ ಹೇಳಬೇಕು.”

“ಸಜ್ಜಿಗೆ ತಳ ಹಿಡೀತಾ?”

“ನಿನ್ನ ಕ್ಯಾನಿನ ನೀರು ಸೋಮವಾರ ಸಾಲಲಿಲ್ಲ. ಎದುರು ಮನೆಯವರ ಬ್ಯಾಟರಿಗೆ ಅರ್ಧ ಕೊಟ್ಟಿದ್ದೆ.”

ಅವಳ ಕೈ ನಿಂತಿತು. “ಸಾಲದ್ದಕ್ಕೆ?”

“ಅಜ್ಜಿ ಬೋಗುಣೀಲಿ ಹಾಕಿಟ್ಟೆ.”

“ಯಾವುದನ್ನ?”

“ಔಷಧಿ ಇಲ್ಲದ್ದನ್ನ. ಅದರಲ್ಲಿ ಏನೂ ಇಲ್ವಲ್ಲ, ಯಾವ ನೀರಾದರೇನು ಅಂತ...”

“ಎಷ್ಟು ಹೊತ್ತು?”

“ಮೂರು ಗಂಟೆಗೆ ಹಾಕಿದ್ದು. ಬೆಳಗಿನ ತನಕ.”

“ಹುಣಸೆಹಣ್ಣು ಹಾಕಿ ತಿಕ್ಕಿದ್ರಾ?”

“ದಿನಾ ತಿಕ್ತಾರಲ್ಲ.”

ಅವಳು ಲ್ಯಾಪ್‌ಟಾಪನ್ನು ನಿಧಾನವಾಗಿ ಮುಚ್ಚಿದಳು. ಬ್ಯಾಗಿನಿಂದ ಡಬ್ಬಿ ತೆಗೆದು, ಉಳಿದಿದ್ದ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಣ್ಣದ ಗಾಜಿನ ಕಿಟಕಿಯಲ್ಲ, ಇನ್ನೊಂದು. ಅಂಚಿನಲ್ಲಿ ಹಸಿರು ಇತ್ತು.

“ತಾಮ್ರ” ಅಂದಳು. “ಆ ಚಿಪ್ಪಿನ ಪುಡಿ ತಾಮ್ರ ಕಂಡ್ರೆ ಬಿಡಲ್ಲ, ಗಟ್ಟಿಯಾಗಿ ಹಿಡ್ಕೊಂಡ್ಬಿಡತ್ತೆ. ಹುಳಿ ತಾಗಿದ್ರೆ ತಾಮ್ರ ಇನ್ನೂ ಜಾಸ್ತಿ ಬಿಡತ್ತೆ. ಹಾಳೆ ಅಲ್ಲ ಕೊಂದಿದ್ದು. ಅಜ್ಜಿ ಬೋಗುಣಿ ಕೊಂದಿದ್ದು.” ಆಮೇಲೆ ಒಮ್ಮೆಗೇ ದನಿ ಏರಿತು. “ಏನೂ ಇಲ್ವಲ್ಲ ಅಂತ ಹೆಂಗಮ್ಮ ಅಂದ್ಕೊಂಡೆ? ಏನೂ ಇಲ್ದೇ ಇರೋದೇ ಮುಖ್ಯ ಕಣಮ್ಮ! ಏನೂ ಇಲ್ಲದ್ದು ಸುಮ್ನೆ ಇತ್ತು ಅಂತ ತೋರಿಸಿದ್ರೆ ತಾನೇ ಇನ್ನೊಂದು ಕೆಲಸ ಮಾಡ್ತು ಅಂತ ಜನ ಒಪ್ಪೋದು! ಎಲ್ಲಾ ಅದರ ಮೇಲೇ ನಿಂತಿರೋದು!”

ಮದುವೆಯಾಗಿ ಇಷ್ಟು ವರ್ಷ ಈ ಮನೆಯಲ್ಲಿ ಸುಮ್ಮನೆ ಇದ್ದೇನೆ, ನನ್ನಂಥವರ ಪರವಾಗಿ ಇಷ್ಟು ಜೋರಾಗಿ ಯಾರೂ ಮಾತಾಡಿದ್ದು ನಾನು ಕೇಳಿರಲಿಲ್ಲ. ಆದರೆ ಅದನ್ನು ಹೇಳುವ ಸಮಯ ಅದಲ್ಲ.

ಬೋಗುಣಿ ಎಂಬ ಮಾತು ಕಿವಿಗೆ ಬಿದ್ದು ಅತ್ತೆ ಬಾಗಿಲಿಗೆ ಬಂದಿದ್ದರು. “ನನ್ನ ಬೋಗುಣಿಗೇನಾಯ್ತು?”

ಒಂದು ತಪ್ಪು ಹೇಳಿದ ಮೇಲೆ ಎರಡನೆಯದು ಸುಲಭ. “ಕೇಳದೆ ಮುಟ್ಟಿದೆ, ತಪ್ಪಾಯ್ತು ಅತ್ತೆ. ನೀವು ಅಗ್ರಹಾರಕ್ಕೆ ಹೋದಾಗ ಅದರಲ್ಲಿ ಇವಳ ಹಾಳೆ ನೆನೆಸಿದ್ದೆ.”

“ನನ್ನ ಮಡಿ ಬೋಗುಣೀಲಿ? ಆ ಅಂಟನ್ನ? ಏನೇನು ಹಾಕಿರ್ತಾರೋ ಅದರಲ್ಲಿ!”

“ಏನೂ ಇಲ್ಲ ಅಜ್ಜಿ, ಬರೀ ಸಿಗ...” ಎಂದು ಮಗಳು ಶುರುಮಾಡಿದಳು. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಸಿಸ್ಟರುಗಳು ಕ್ಷಮಿಸಲಿ, ಕೆಲವು ತಪ್ಪುಗಳಿಗೆ ಜಾಲರಿಯೂ ಸಾಲುವುದಿಲ್ಲ.

ಅತ್ತೆ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಆಮೇಲೆ ಏನೋ ಹೊಳೆದಂತೆ ಕೇಳಿದರು: “ಅಂದ್ರೆ, ಔಷಧಿ ಏನೂ ಹಾಕದೆ, ಬರೀ ನನ್ನ ಬೋಗುಣಿ ನೀರಲ್ಲಿದ್ದಿದ್ದಕ್ಕೇ ಆ ಕ್ರಿಮಿ ಸತ್ತವಾ?”

“ಸತ್ತವು ಅಜ್ಜಿ” ಅಂದಳು ಮಗಳು, ಸುಸ್ತಾಗಿ.

“ಅಯ್ಯೋ ಹುಚ್ಚಿ, ಅದಕ್ಕೆ ಮೂರು ವರ್ಷ ಓದಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ಹೋಗಿ ನಿಮ್ಮ ಮೇಡಂಗೆ ಹೇಳು, ಬೇಕಾದ್ರೆ ಒಂದು ಚೊಂಬು ನೀರು ಕೊಟ್ಟು ಕಳಿಸ್ತೀನಿ.” ಬೋಗುಣಿಯನ್ನು ಎತ್ತಿಕೊಂಡು, ಬೈಯಬೇಕೋ ಬೀಗಬೇಕೋ ತಿಳಿಯದೆ, ಎರಡನ್ನೂ ಒಟ್ಟಿಗೆ ಮಾಡುತ್ತಾ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ತಿಕ್ಕುವ ಸದ್ದು ಕೇಳಿಸಿತು.

ಮಗಳು ಫೋನ್ ಹಿಡಿದು ಗೇಟಿನ ಪಕ್ಕದ ಕರಿಬೇವಿನ ಗಿಡದ ಹತ್ತಿರ ಹೋಗಿ ನಿಂತಳು. ಕಿಟಕಿಯಿಂದ ನೋಡುತ್ತಿದ್ದೆ. ಮಾತಾಡುತ್ತಾ ಒಂದೊಂದೇ ಎಲೆ ಕೀಳುತ್ತಿದ್ದಳು. ಒಂದು ಹಂತದಲ್ಲಿ ಎಲೆ ಕೀಳುವುದು ನಿಂತಿತು, ಬೆನ್ನು ನೆಟ್ಟಗಾಯಿತು, “ಇಲ್ಲ ಮೇಡಂ, ನಾನೇ ಹೇಳ್ತೀನಿ ಕಮಿಟಿಗೆ” ಅಂದದ್ದು ಕೇಳಿಸಿತು. ಒಳಗೆ ಬಂದಾಗ ಕೈಯಲ್ಲಿ ಒಗ್ಗರಣೆಗಾಗುವಷ್ಟು ಕರಿಬೇವು ಇತ್ತು.

“ಏನಂದ್ರು?”

“ಶನಿವಾರಕ್ಕೆ ಮೊದಲೇ ಗೊತ್ತಾಗಿದ್ದು ಪುಣ್ಯ, ನಿಮ್ಮಮ್ಮನಿಗೆ ಥ್ಯಾಂಕ್ಸ್ ಹೇಳು ಅಂದ್ರು.” ಕರಿಬೇವನ್ನು ಮೇಜಿನ ಮೇಲಿಟ್ಟಳು. “ಇನ್ಮೇಲೆ ನಿಮ್ಮನೆ ಫ್ರೀಜರ್ ಬೇಡ ಅಂತಾನೂ ಅಂದ್ರು.”

“ಶನಿವಾರ?”

“ಹಳೇ ಬ್ಯಾಚಿಂದು ತೋರಿಸ್ತೀನಿ. ಇದನ್ನ ಮತ್ತೆ ಮೊದಲಿಂದ ಮಾಡಬೇಕು. ಕಾಲೇಜ್ ಫ್ರೀಜರ್ ರಿಪೇರಿ ಎಲ್ಲಾ ಸೇರಿ ಒಂದೂವರೆ ತಿಂಗಳು.” ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಜ್ಜಿಗೆ ಹಾಗೇ ಉಳಿಯಿತು. ಅರ್ಧ ಗಂಟೆಯ ಮೇಲೆ ಬಾಗಿಲು ತೆಗೆದು ಬಂದು, ಶುದ್ಧವಾದ ಹತ್ತಿ ಬಟ್ಟೆಯೊಂದನ್ನು ನೆನೆಸಿ ಹಿಂಡಿ ನನ್ನ ಮಣಿಕಟ್ಟಿಗೆ ಸುತ್ತಿದಳು. ಗಂಟು ಬಿಗಿಯಾಗದ ಹಾಗೆ ಎರಡು ಸಲ ಬಿಚ್ಚಿ ಕಟ್ಟಿದಳು. ಯಾವ ನೀರು ಎಂದು ನಾನು ಕೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯವರು ಗೇಟು ತಳ್ಳಿಕೊಂಡು ಬಂದರು. ಒಂದು ಕೈಯಲ್ಲಿ ಸೀಲ್ ಒಡೆಯದ ಹೊಸ ಕ್ಯಾನು, ಇನ್ನೊಂದರಲ್ಲಿ ನನ್ನ ಅವರೆಬೇಳೆಯ ಒಂದು ಡಬ್ಬಿ. ಕರಿಬೇವಿನ ಗಿಡದ ಹತ್ತಿರ ಮಗಳು ಫೋನಿನಲ್ಲಿ ಮಾತಾಡುವಾಗ ಫ್ರೀಜರ್ ಬೇಡವಂತೆ ಎಂಬಷ್ಟು ಅವರ ಕಿವಿಗೂ ಬಿದ್ದಿತ್ತು.

“ನಾಳೆ ಅಂದೋಳು ಮೂರು ದಿನ ಮಾಡ್ಬುಟ್ಟೆ, ಬೇಜಾರ್ ಮಾಡ್ಕೋಬೇಡಿ. ಇಸ್ಕೊಂಡಿದ್ದು ಅರ್ಧ, ಪೂರಾ ತಂದಿವ್ನಿ.” ಕ್ಯಾನನ್ನು ಜಗುಲಿಯ ಮೇಲಿಟ್ಟು ಸೊಂಟ ನೇರ ಮಾಡಿಕೊಂಡರು. ನನ್ನ ಕೈಯ ಒದ್ದೆ ಬಟ್ಟೆ ನೋಡಿದರು. “ಇದೇನ್ ಸುಟ್ಕಂಡ್ರಾ? ಮನೇಲೇ ಔಸ್ದಿ ಮಾಡ್ಕಂಡು ತಣ್ಣೀರ್ ಬಟ್ಟೆ ಸುತ್ಕಂಡಿದೀರಲ್ರೀ!”

“ಆವಿ ಹೊಡೀತು” ಅಂದೆ. “ಈ ನೀರು ತರೋ ತೊಂದರೆ ಯಾಕೆ ತಗೊಂಡ್ರಿ? ಮನೇಲಿರೋ ಯಾವುದಾದರೂ ನೀರು ನಿಮ್ಮ ಬ್ಯಾಟರಿಗೆ ಆಗ್ತಿರಲಿಲ್ವಾ?”

“ಅಯ್ಯೋ, ಎಲ್ಲಾದರೂ ಉಂಟಾ?” ಗೇಟಿನ ಕಡೆ ತಿರುಗಿ ಸೆರಗು ಸರಿಮಾಡಿಕೊಳ್ಳುತ್ತಾ ಅಂದರು. “ಬ್ಯಾಟ್ರಿಗೆ ಇದೇ ನೀರೇ ಆಗ್ಬೇಕಂತೆ ಕಣ್ರೀ, ಕಂಡಿದ್ದೆಲ್ಲಾ ಹುಯ್ದ್ರೆ ಕೆಟ್ಟೋಯ್ತದಂತೆ. ಮನುಷ್ರಿಗಾದ್ರೆ ಬುಡಿ, ಯಾವ್ದಾದ್ರೂ ನಡೀತದೆ.”